ಮಡಿವಂತರ ಸೊಂಟದ ಮೂರು ಫಿಲ್ಮು

ಹಲೋ… ಹಲೋ! ಯಾರು ಮಾತಾಡ್ತಿರೋದು? ಕೌನ್?… ಓ, ಕಾಂತಾಬೇನ್! ಹೂಂ ಹೇಮಾ, ಬರೋಡಾಥೀ… ಹಾ ಹಾ, ಉಪರ್‌ವಾಳಾ ಪಾಂಡುರಂಗ್‌ಭಾಯೀನೀ ಬೇನ್… ಮಜಾಮಾ, ಮಜಾಮಾ. ಭಾಯೀನೇ ಬೋಲಾವೋ ನೇ, ಜಲ್ದಿ. ಟ್ರಂಕ್ ಕಾಲ್ ಛೇ…

ಹೂಂ, ಕಾಯ್ತೀನಿ… ಬೆಳಿಗ್ಗೆಯಿಂದ ಎರಡು ಗಂಟೆ ತಂತಿ ಆಫೀಸಿನ ಬೆಂಚಲ್ಲಿ ಕೂತು ಕಾದೋಳು, ಇನ್ನು ಅಣ್ಣ ಮಹಡಿಯಿಂದ ಹದಿನೆಂಟು ಮೆಟ್ಟಿಲು ಇಳಿಯೋವರೆಗೆ ಕಾಯಲಾರೆನಾ… ಟಕ್. ಟಕ್. ಕೋಲಿನ ಸದ್ದು ಇಲ್ಲಿಗೇ ಕೇಳತ್ತೆ. ಬಂದ…

ಹಲೋ, ಅಣ್ಣಾ? ಪಾಂಡಣ್ಣನೇ ತಾನೇ?… ನಾನು, ಹೇಮಾ… ಇನ್ಯಾವ ಹೇಮಾ? ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋ ಹೇಮಾ, ನಿನ್ನ ಒಬ್ಬಳೇ ತಂಗಿ. ಹೋದ ವಾರ ಬುಧವಾರ ನಿನ್ನನ್ನ ಮೇಜಿನ ಮೇಲೆ ಮಲಗಿಸಿ, ‘ಉಸಿರು ಬಿಗಿ ಹಿಡಿ’ ಅಂದಿದ್ದೆನಲ್ಲ. ಈಗ ಬಿಡಬಹುದು ಉಸಿರು…

ಅದೇ ಹೇಳ್ತಿರೋದು. ಕ್ಷಯ ಅಲ್ಲ… ಅಲ್ಲ ಅಣ್ಣಾ, ಅಲ್ಲ. ನಿನ್ನ ಸೊಂಟದಲ್ಲಿ ಟೀಬಿ ಇಲ್ಲ… ಕೂತ್ಕೋ ಮೊದಲು. ಕಾಂತಾಬೇನ್‌ನ ಒಂದು ಸ್ಟೂಲು ಕೇಳು… ಹಾಂ, ಕೂತ್ಯಾ?

ಯಾರು ಕೇಳಿಸ್ಕೋತಾರೆ? ಅವರಿಗೆ ಕನ್ನಡ ಬರತ್ತಾ? ನೀನು ಧಾರಾಳವಾಗಿ ಕಿರುಚಬಹುದು… ವೇದಾನೂ ಬಂದಿದ್ದಾಳಾ? ಎಲ್ಲಿ ನಿಂತಿದ್ದಾಳೆ?… ಬಾಗಿಲ ಹತ್ರನಾ? ಅಂದ್ರೆ ಎಷ್ಟು ದೂರ?… ಮೂರು ಕಲ್ಲು. ಹೂಂ. ನೆಲದ ಹಾಸುಗಲ್ಲು ಎಣಿಸಿ ನಿಲ್ಲೋದು ಕಲಿಸಿದ್ದೀಯ ಆರು ವರ್ಷದ ಮಗೂಗೆ. ‘ಅಪ್ಪ ಮಡಿ, ಮೂರು ಕಲ್ಲು ಆಚೆ ನಿಲ್ಲು.’ ಅಲ್ವಾ?

ರೈಲು ಎಷ್ಟು ಹೊತ್ತಿಗೆ?… ಎರಡೂವರೆಗೆ. ಮುಂಬಯಿಗೆ, ಅಲ್ಲಿಂದ ತಿಪಟೂರು. ಬೇಸಿಗೆ ರಜಕ್ಕೆ ಅತ್ತಿಗೇನೂ ಮಗೂನೂ ತವರಿಗೆ ಕಳಿಸ್ತಿದ್ದೀಯ, ಬಹಳ ಒಳ್ಳೇ ಗಂಡ. ಜೂನಲ್ಲಿ ಮಗೂನ ಅಲ್ಲೇ ಸ್ಕೂಲಿಗೆ ಸೇರಿಸಿ ಅಂತ ಮಾವನವರಿಗೆ ಕಾಗದ ಬರೆದಿದ್ದೀಯಲ್ಲ, ಅದೂ ಬೇಸಿಗೆ ರಜವೇನಾ?…

ಯಾರು ಹೇಳಿದ್ರು ಅಂದ್ರೆ? ಹೇಳೋರು ಹೇಳಿದ್ರು. ಅದಕ್ಕೆ ಆಮೇಲೆ ಬರೋಣ. ಮೊದಲು ಇದು ಕೇಳು: ಇವತ್ತು ಯಾರೂ ಎಲ್ಲೂ ಹೋಗಲ್ಲ… ಹೋಗಲ್ಲ ಅಂದೆ!

ಖಾತ್ರಿನಾ ಅಂತೀಯಲ್ಲ, ಖಾತ್ರಿ ಇಲ್ಲದೆ ನಿನ್ನಂಥ ಭಯಸ್ಥನಿಗೆ ಫೋನು ಮಾಡ್ತೀನಾ? ನಮ್ಮ ದೊಡ್ಡ ಡಾಕ್ಟ್ರು ಧೋಳಕಿಯಾ ಸಾಹೇಬ್ರು ನಿನ್ನ ಫಿಲ್ಮುಗಳನ್ನ ಈ ಗುರುವಾರ ಅಹಮದಾಬಾದಿಗೆ ತಗೊಂಡು ಹೋಗಿದ್ರು. ಅಲ್ಲಿ ಅವರ ಗುರುಗಳು ಒಬ್ಬರು ಮೂಳೆ ಡಾಕ್ಟ್ರು. ಇಬ್ಬರೂ ದೀಪದ ಪೆಟ್ಟಿಗೆ ಮುಂದೆ ಒಂದು ಗಂಟೆ ನಿಂತಿದ್ರಂತೆ. ನೀನು ಸೂರತ್ ಬಿಟ್ಟು ಅಲ್ಲಾಡಲ್ಲ, ನಿನ್ನ ಸೊಂಟ ನೋಡು, ಗುಜರಾತೆಲ್ಲ ಸುತ್ತಿ ಬಂತು…

ನಗು, ನಗು ಪರವಾಗಿಲ್ಲ. ಮಡಿಯಲ್ಲಿ ನಗಬಾರದು ಅಂತ ಇಲ್ಲ…

ಅಲ್ಲಯ್ಯಾ, ಸುಳ್ಳು ಹೇಳೋದಾದ್ರೆ ನಂಬೋಂಥದ್ದು ಹೇಳಬಾರದಾ? ನೀನು, ಮಡಿ! ಸ್ಟೇಷನ್ ಎದುರಿನ ಇರಾನಿ ಹೋಟೆಲಲ್ಲಿ ಬನ್ನು ಚಹಾ ಇಲ್ಲದೆ ಇನ್ಷೂರೆನ್ಸ್ ಆಫೀಸಿನ ಮೆಟ್ಟಿಲು ಹತ್ತದೋನು. ಸಂಧ್ಯಾವಂದನೆ ಮಾಡು ಅಂದ್ರೆ ಜ್ವರ ಬರಿಸ್ಕೊಳ್ತಿದ್ದೋನು. ಸಂಕ್ರಾಂತಿ ಆದ ಮೇಲೆ ಇದ್ದಕ್ಕಿದ್ದ ಹಾಗೆ ಮಂಡಲ ವ್ರತ! ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ, ತಾನೇ ತೊಳೆಯೋದು, ಯಾರೂ ಮುಟ್ಟಬಾರದು. ಮಂಡಲ ಅಂದ್ರೆ ನಲವತ್ತೆಂಟು ದಿನ ತಾನೇ? ಅದು ಮುಗಿದ ಕೂಡಲೇ ಎರಡನೇ ಮಂಡಲ. ಯಾವ ದೇವರಪ್ಪಾ ಅದು, ಅಷ್ಟು ದಿನ ನಿನ್ನನ್ನ ಸಹಿಸ್ಕೊಂಡಿದ್ದು?…

ಗೊತ್ತು. ಗೊತ್ತಣ್ಣಾ. ಅವರಿಗೆ ಅಂಟಬಾರದು ಅಂತ. ಮಗು ಭಯ ಬೀಳಬಾರದು ಅಂತ… ಹೂಂ… ಹೂಂ. ಆದರೆ ಮೂಳೆಯೊಳಗಿನ ಕ್ಷಯ ತಟ್ಟೆ ಲೋಟದಿಂದ ದಾಟಲ್ಲ ಅಂತ ನನ್ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ತಂಗೀನ ಇಟ್ಕೊಂಡಿರೋದು ರಾಖಿ ಕಟ್ಟಿಸ್ಕೊಳ್ಳಕ್ಕೆ ಮಾತ್ರನಾ?… ಸರಿ, ಸರಿ. ಬೈಯಲ್ಲ. ಬುಧವಾರ ನಿನ್ನ ಫಿಲ್ಮು ತೊಳೆಯೋವಾಗ ಡಾರ್ಕ್ ರೂಮಲ್ಲಿ ಚೆನ್ನಾಗಿ ಅತ್ತುಬಿಟ್ಟೆ. ಅಲ್ಲಿ ಯಾರಿಗೂ ಕಾಣಲ್ಲ ನೋಡು. ಬೈಯೋದೆಲ್ಲ ಅಲ್ಲೇ ಬೈದಾಗಿದೆ…

ಹಾಂ? ಹಾಂ ಭೈಯಾ, ಎಕ್ಸ್‌ಟೆಂಡ್ ಕರೋ… ಆಪರೇಟರು ಅಣ್ಣಾ, ಮೂರು ನಿಮಿಷ ಆಯ್ತಂತೆ. ಹೇಳು…

ಹೇಗೆ ಗೊತ್ತಾಯ್ತು ಅಂತ ತಾನೇ? ಕೇಳು ಹಾಗಾದ್ರೆ, ನಾನು ಡಾಕ್ಟ್ರಲ್ಲ, ಅವರು ಅಂದದ್ದನ್ನ ಹೇಳ್ತೀನಿ. ತೊಡೆ ಮೂಳೆಗೆ ಮೇಲೆ ಒಂದು ಗುಂಡು ತಲೆ. ಸೊಂಟದಲ್ಲಿ ಅದು ಕೂರಕ್ಕೆ ಒಂದು ಬಟ್ಟಲು. ಎರಡರ ಮಧ್ಯೆ ಫಿಲ್ಮಲ್ಲಿ ಒಂದು ಕಪ್ಪು ಗೆರೆ ಕಾಣತ್ತೆ, ಅದು ಸಂದು… ಹಾಂ, ನಿನಗೆ ತೋರಿಸಿದ್ದೆನಲ್ಲ, ಅದೇ. ಕ್ಷಯವಾಗಿದ್ರೆ ಆ ಗೆರೇನೇ ತಿಂದುಹಾಕತ್ತೆ. ದಿನೇ ದಿನೇ ಸಣ್ಣ ಆಗಿ, ಆಮೇಲೆ ಗುಂಡೂ ಬಟ್ಟಲೂ ಇಲಿ ಕಡಿದ ಹಾಗೆ ಆಗಿಬಿಡತ್ತೆ. ಇನ್ನೊಂದು ಕಾಯಿಲೆ ಇದೆ, ಗುಂಡಿಗೆ ರಕ್ತ ಹರಿಯೋದು ನಿಂತುಹೋಗತ್ತೆ, ಆಗ ಗುಂಡು ಕುಸಿದು ಚಪ್ಪಟೆ ಆಗತ್ತೆ, ಹೆಬ್ಬೆಟ್ಟಲ್ಲಿ ಒತ್ತಿದ ಲಾಡು ಥರ… ಇಲ್ಲ, ಅದೂ ನಿನಗಿಲ್ಲ. ಪೂರ್ತಿ ಕೇಳು ಮಾರಾಯ!

ನಿನ್ನದು ಮೂರನೇದು. ಗುಂಡಲ್ಲಿರೋ ಸುಣ್ಣದ ಅಂಶ ಮಾತ್ರ ಕರಗಿಹೋಗಿತ್ತು. ಅದಕ್ಕೇ ಫಿಲ್ಮಲ್ಲಿ ಮಸಕು, ಸ್ಲೇಟಲ್ಲಿ ಬರೆದು ಕೈಯಲ್ಲಿ ಒರೆಸಿದ ಹಾಗೆ. ಆದರೆ ಗುಂಡು ಗುಂಡಾಗೇ ಇದೆ, ಗೆರೆ ಇದ್ದ ಹಾಗೇ ಇದೆ… ಔಷಧಿನಾ? ಔಷಧಿ ಇಲ್ಲ. ಭಾರ ಹಾಕದೆ ಆರೆಂಟು ತಿಂಗಳು ಇದ್ರೆ ಸುಣ್ಣ ಹೋದ ದಾರೀಲೇ ವಾಪಸ್ಸು ಬರತ್ತೆ… ಸತ್ಯವಾಗಿ. ತಾನಾಗೇ. ಬರ್ತಾನೂ ಇದೆ! ಬುಧವಾರದ ಫಿಲ್ಮಲ್ಲಿ ಗುಂಡಿನ ಅಂಚು ಬೆಳ್ಳಗಾಗಿದೆ.

ಹೆಸರಾ? ಅದಕ್ಕಿನ್ನೂ ಪುಸ್ತಕದಲ್ಲಿ ಸರಿಯಾದ ಹೆಸರಿಲ್ಲ ಅಂದ್ರು ಸಾಹೇಬ್ರು. ನಾಲ್ಕೈದು ವರ್ಷದ ಹಿಂದೆ ಅಮೆರಿಕದ ಡಾಕ್ಟ್ರುಗಳು ಮೊದಲು ಬರೆದ್ರಂತೆ. ಯಾರಲ್ಲಿ ಕಂಡ್ರು ಗೊತ್ತಾ?… ಹೇಳಲಾ?… ಬೇಜಾರು ಮಾಡ್ಕೊಬಾರದು… ತುಂಬು ಬಸುರಿಯರಲ್ಲಿ.

ಇಲ್ಲಪ್ಪಾ, ತಮಾಷೆ ಅಲ್ಲ! ಆಮೇಲೆ ನಿನ್ನ ವಯಸ್ಸಿನ ಗಂಡಸರಲ್ಲೂ ಕಾಣಿಸಿದೆಯಂತೆ. ಆದರೂ ಕೇಳೋದು ನನ್ನ ಧರ್ಮ: ಬಯಕೆ ಏನಾದ್ರೂ ಇದೆಯಾ? ಈರುಳ್ಳಿ ಹುಳಿ?… ಅಯ್ಯೋ, ಅಷ್ಟು ಜೋರಾಗಿ ‘ಹೂಂ’ ಅನ್ನಬೇಡ, ಕಾಂತಾಬೇನ್ ಹೆದರಿಯಾರು. ಮೂರು ತಿಂಗಳಿಂದ ಈರುಳ್ಳಿ ಮುಖ ನೋಡಿಲ್ಲ, ಅಲ್ವಾ? ಪಾಪ. ಬದನೆಕಾಯಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಇರಾನಿ ಚಹಾ ಇಲ್ಲ, ಬೆಳಗಿನ ಜಾವ ತಣ್ಣೀರು ಸ್ನಾನ. ‘ಮಡಿ ಅಂದ ಮೇಲೆ ಪೂರ್ತಿ ಮಡಿ’ ಅಂದ್ರಲ್ವಾ ಅತ್ತಿಗೆ?…

ಅದೂ ನನಗೆ ಹೇಗೆ ಗೊತ್ತು ಅಂತೀಯಾ? ಬರ್ತೀನಿ, ಬರ್ತೀನಿ ಅಲ್ಲಿಗೆ.

ನಿಮ್ಮೂರ ಡಾಕ್ಟ್ರನ್ನ ಬೈಯಬೇಡ. ಅವರ ತಪ್ಪಿಲ್ಲ. ಸಂಕ್ರಾಂತಿ ಫಿಲ್ಮು ಒಂದನ್ನೇ ನೋಡಿದ್ರೆ ಯಾರಾದ್ರೂ ಹಾಗೇ ಅಂತಾರೆ, ನಾನೂ ಅಂದೆ. ಒಂದೇ ಫಿಲ್ಮಲ್ಲಿ ಈ ಮೂರು ಕಾಯಿಲೆಯೂ ಅಣ್ಣತಮ್ಮಂದಿರ ಥರ ಕಾಣ್ತವೆ. ಒಂದರ ಪಕ್ಕ ಒಂದು ಇಟ್ಟು, ತಿಂಗಳು ಕಳೆದ ಹಾಗೆ ಯಾವುದು ಎಲ್ಲಿಗೆ ಹೋಗ್ತಿದೆ ಅಂತ ನೋಡಬೇಕು. ಅದಕ್ಕೇ ನಿನ್ನನ್ನ ಪದೇ ಪದೇ ಕೇಳಿದ್ದು, ದೀಪಾವಳೀಲಿ ನೋವು ಶುರುವಾದಾಗ ತೆಗೆಸಿದ ಮೊದಲನೇ ಫಿಲ್ಮು ಎಲ್ಲಿ, ಎಲ್ಲಿ ಅಂತ. ನೀನೇನಂದೆ?…

‘ಕಳೆದುಹೋಯ್ತು.’ ಹೂಂ. ಇಟ್ಟಿದ್ದೆಲ್ಲಿ?… ಹೇಳು, ನಾಚಿಕೆ ಬೇಡ… ದೇವರ ಗೂಡಲ್ಲಿ. ಗೂಡಲ್ಲಿ ಎಲ್ಲಿ?… ವೆಂಕಟರಮಣನ ಪಟದ ಹಿಂದೆ! ಏಳು ಬೆಟ್ಟದ ಸ್ವಾಮಿ ಬೆನ್ನಿಗೆ ನಿನ್ನ ಸೊಂಟಾನೂ ಒಂದು ಭಾರ!

ಕಳೆದುಹೋಗಿಲ್ಲ ಅಣ್ಣಾ. ನನ್ನ ಹತ್ರ ಇದೆ. ಸೋಮವಾರ ರಿಜಿಸ್ಟರ್ ಪಾರ್ಸೆಲ್ಲಲ್ಲಿ ಬಂತು… ಸೂರತ್ತಿಂದ. ಎರಡು ರಟ್ಟಿನ ಮಧ್ಯೆ, ಹಳೇ ಸೀರೆ ಸೆರಗು ಸುತ್ತಿ… ಇನ್ಯಾರು ಕಳಿಸ್ತಾರೆ?

ಏಳಬೇಡ ಅಣ್ಣಾ, ಕೂತ್ಕೋ.

ಹೌದು. ಅತ್ತಿಗೇನೇ… ಮೊದಲ ವಾರದಿಂದಲೇ ಗೊತ್ತಂತೆ. ‘ದೇವರ ಗೂಡನ್ನ ಇನ್ಮೇಲೆ ಯಾರೂ ಮುಟ್ಟಬೇಡಿ, ಮಡಿ’ ಅಂದ್ಯಂತೆ ನೀನು. ಮದುವೆಯಾದ ಹತ್ತು ವರ್ಷದಲ್ಲಿ ಒಂದು ಊದುಬತ್ತಿ ಹಚ್ಚದ ಗಂಡ ಗೂಡು ಮುಟ್ಟಬೇಡ ಅಂದ್ರೆ, ಯಾವ ಹೆಂಡತಿ ಮುಟ್ಟದೇ ಇರ್ತಾಳೆ? ನೀನು ಆಫೀಸಿಗೆ ಹೋದ ಮೇಲೆ ಪಟ ತೆಗೆದು ನೋಡಿದ್ರು. ಫಿಲ್ಮು, ಅದರ ಜೊತೆ ನಿಮ್ಮೂರ ಡಾಕ್ಟ್ರ ಚೀಟಿ. ಸುಲೋಚನಾ ಅತ್ತಿಗೆ ತಿಪಟೂರಲ್ಲಿ ಹೈಸ್ಕೂಲ್ ಓದಿದೋರು, ಅದರಲ್ಲಿದ್ದ ಆ ಎರಡು ಇಂಗ್ಲಿಷ್ ಅಕ್ಷರ ಓದಕ್ಕೆ ಬರಲ್ವಾ ಅವರಿಗೆ?…

ಚೀಟಿ ಅಲ್ಲೇ ಇಟ್ಟು ಫಿಲ್ಮು ಮಾತ್ರ ಎತ್ತಿಟ್ಕೊಂಡ್ರು. ಯಾಕೆ ಅಂದ್ರೆ, ನೀನು ಹುಡುಕ್ತೀಯ, ಹುಡುಕಿ ಬಂದು ಕೇಳ್ತೀಯ, ಆಗ ನಿಜ ಹೇಳಲೇಬೇಕಾಗತ್ತೆ ಅಂತ. ನೀನು ಕೇಳಲೇ ಇಲ್ಲ. ಮೂರು ತಿಂಗಳು, ಒಂದೇ ಮನೇಲಿ, ಇಬ್ಬರೂ ಕಣ್ಣಾಮುಚ್ಚಾಲೆ ಆಡ್ಕೊಂಡು ಕೂತಿದ್ರಿ.

ಹಾಂ ಭೈಯಾ, ಫಿರ್ ಎಕ್ಸ್‌ಟೆಂಡ್… ಲಾಸ್ಟ್? ಅಚ್ಛಾ, ಅಚ್ಛಾ, ಲಾಸ್ಟ್… ಅಣ್ಣಾ, ಇನ್ನು ಮೂರೇ ನಿಮಿಷ, ಆಮೇಲೆ ಬೇರೆಯವರಿಗೆ ಲೈನು ಬಿಡಬೇಕಂತೆ. ಬೇಗ ಕೇಳು.

ಕಾಗದ ಬರೆದಿದ್ದಾರೆ. ಇಲ್ಲೇ ಇದೆ, ಓದ್ತೀನಿ. ‘ಹೇಮಾ, ನಿಮ್ಮಣ್ಣ ಆಡಿಟ್ಟು ಅಂತ ಬರೋಡಕ್ಕೆ ಹೋಗಿ ಬಂದರು. ಆಡಿಟ್ಟಿಗೆ ಹೋಗೋರು ಖಾಲಿ ಚೀಲ ತಗೊಂಡು ಹೋಗಿ, ಅಳು ಮುಖ ತಗೊಂಡು ಬರಲ್ಲ. ನಿನ್ನ ಹತ್ತಿರ ಬಂದಿರಬೇಕು. ಈ ಫಿಲ್ಮು ಉಪಯೋಗಕ್ಕೆ ಬಂದರೆ ನೋಡು. ನನಗೆ ಗೊತ್ತು ಅಂತ ಅವರಿಗೆ ಹೇಳಬೇಡ. ನಿಜ ಹೇಳೋವರೆಗೂ ಈರುಳ್ಳಿ ಹಾಕಬಾರದು ಅಂತ ಮಾಡಿದ್ದೇನೆ.’…

ನಗ್ತೀಯೋ ಅಳ್ತೀಯೋ, ಒಂದು ಮಾಡು ಅಣ್ಣಾ, ಇಲ್ಲಿಂದ ಗೊತ್ತಾಗಲ್ಲ.

ಆ ಫಿಲ್ಮು ಬಂದಿದ್ದಕ್ಕೇ ಇವತ್ತು ನಿನ್ನ ಹತ್ರ ಹೀಗೆ ಮಾತಾಡ್ತಿರೋದು. ಇಲ್ಲದಿದ್ರೆ ಸಾಹೇಬ್ರು ಇನ್ನೂ ಮೂರು ತಿಂಗಳು ನೋಡೋಣ ಅಂತಿದ್ರು. ದೀಪಾವಳಿ, ಸಂಕ್ರಾಂತಿ, ಹೋದ ವಾರದ ಬುಧವಾರ, ಮೂರನ್ನೂ ಸಾಲಾಗಿ ಇಟ್ಟು ಗೆರೆಗೆ ಅಡಿಕೋಲು ಹಿಡಿದು ಅಳೆದ್ರು. ನಾಲ್ಕು ಮಿಲಿಮೀಟರು. ನಾಲ್ಕು. ನಾಲ್ಕು. ಒಂದು ಕೂದಲೆಳೆ ಕಡಿಮೆಯಾಗಿಲ್ಲ. ಆಗಲೇ ಅವರು ನನ್ನ ಕಡೆ ತಿರುಗಿ ಕನ್ನಡಕ ತೆಗೆದಿದ್ದು. ಅವರು ಕನ್ನಡಕ ತೆಗೆದ್ರೆ ಒಳ್ಳೇ ಸುದ್ದಿ ಅಂತ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತು…

ರೈಲಾ? ರೈಲಿನ ಯೋಚನೆ ಬಿಡು. ಟ್ರಂಕು ಕಟ್ಟಿ ಬೀಗ ಹಾಕಿ ಇಟ್ಟಿದ್ದಾರಲ್ಲ ಅತ್ತಿಗೆ, ಎತ್ತಿ ನೋಡಿದ್ಯಾ?… ಹೆಂಗೆ ಎತ್ತುತ್ತೀಯ, ಸೊಂಟ ನೋವು. ಅದಕ್ಕೇ ಧೈರ್ಯ ಅವರಿಗೆ. ಕಾಗದದ ಕೊನೇಲಿ ಇದೆ ನೋಡು: ‘ಟ್ರಂಕಿನೊಳಗೆ ಏನೂ ಇಲ್ಲ. ಇವರು ಎತ್ತಲಾರರು, ಆದ್ದರಿಂದ ತಿಳಿಯುವುದಿಲ್ಲ. ಸ್ಟೇಷನ್ನಿಗೆ ಕೂಲಿ ಬಂದು ಎತ್ತಿದಾಗ ತಿಳಿಯಲಿ.’…

ಖಾಲಿ ಅಣ್ಣಾ! ಅವರು ಹೋಗೋರೇ ಅಲ್ಲ. ಯಾವತ್ತೂ ಹೋಗೋರಲ್ಲ.

ಇನ್ನೊಂದು ಇದೆ. ಹೇಳಬೇಡ ಅಂದಿಲ್ಲ, ಅದಕ್ಕೆ ಹೇಳ್ತೀನಿ. ನಿನ್ನ ಆ ಬೇರೆ ತಟ್ಟೆ ಇದೆಯಲ್ಲ. ನೀನೇ ಬೂದಿ ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಮೂಲೇಲಿ ಬೋರಲು ಹಾಕಿ ಆಫೀಸಿಗೆ ಹೋಗ್ತೀಯಲ್ಲ, ಅದು. ದಿನಾ ಮಧ್ಯಾಹ್ನ ಅತ್ತಿಗೆ ಊಟ ಮಾಡೋದು ಅದರಲ್ಲೇ. ಉಂಡು, ತೊಳೆದು, ನೀನಿಟ್ಟ ಹಾಗೇ ಬೋರಲು ಹಾಕಿಡ್ತಾರೆ… ಹೌದು. ಸಂಕ್ರಾಂತಿಯಿಂದ. ಅವರಿಗೆ ಮೂಳೆ ಕ್ಷಯ ತಟ್ಟೆಯಿಂದ ಬರಲ್ಲ ಅಂತ ಗೊತ್ತಿರಲಿಲ್ಲ, ಅದನ್ನ ತಿಳ್ಕೋ. ಬರತ್ತೆ ಅಂತಲೇ ಅಂದ್ಕೊಂಡಿದ್ರು. ‘ಈ ಮನೇಲಿ ಒಬ್ಬರ ತಟ್ಟೆ ಮಾತ್ರ ಬೇರೆ ಅಂತ ಇರಬಾರದು’ ಅಂತ ಬರೆದಿದ್ದಾರೆ. ಅಷ್ಟೇ. ಒಂದೇ ಸಾಲು…

ನಾನು ಅವರಿಗೆ ಕಾಗದ ಬರೆದು ಚೆನ್ನಾಗಿ ಬೈದಿದ್ದೀನಿ, ಮಗು ಇರೋ ತಾಯಿ ಹೀಗಾ ಮಾಡೋದು ಅಂತ. ನೀನು ಬೈಯಬೇಡ. ನಿನಗೆ ಆ ಯೋಗ್ಯತೆ ಇಲ್ಲ…

ಅಣ್ಣಾ… ಅಳು. ಅತ್ತುಬಿಡು. ಕಾಂತಾಬೇನ್‌ಗೆ ಊರಿಂದ ಒಳ್ಳೇ ಸುದ್ದಿ ಬಂತು ಅನ್ನು.

ಹಾಂ, ಕೇಳು, ಇದು ಮುಖ್ಯ. ಟೀಬಿಗೆ ಅಂತ ಚುಚ್ಚಿಸ್ಕೊಳ್ತಿರೋ ಸೂಜಿ ನೀನಾಗೇ ನಿಲ್ಲಿಸಬೇಡ. ಸಾಹೇಬ್ರು ನಿಮ್ಮೂರ ಡಾಕ್ಟ್ರಿಗೆ ಕಾಗದ ಬರೆದಿದ್ದಾರೆ, ಮೂರು ಫಿಲ್ಮೂ ಜೊತೆಗೆ ಬರ್ತಾ ಇವೆ, ಅವನ್ನ ತೋರಿಸಿ, ಅವರು ಹೇಳಿದ ಮೇಲೆ ನಿಲ್ಲಿಸು. ಕೋಲು ಬಿಡಬೇಡ. ಮೆಟ್ಟಿಲು ಹತ್ತೋದು ಕಡಿಮೆ. ಜುಲೈಗೆ ಬಂದು ಇನ್ನೊಂದು ಫಿಲ್ಮು. ಅದನ್ನ ದೇವರ ಪಟದ ಹಿಂದೆ ಇಟ್ಟರೆ ನಾನೇ ಬಂದು ಕಾಲು ಮುರೀತೀನಿ… ಹಾಂ, ಎಡಗಾಲು. ಬಲಗಾಲಿಗೆ ಸಾಹೇಬ್ರ ರಕ್ಷಣೆ ಇದೆ.

ವೇದಾ ಇನ್ನೂ ಅಲ್ಲೇ ನಿಂತಿದ್ದಾಳಾ?… ಮೂರು ಕಲ್ಲು ಆಚೆ? ಕರಿ ಅವಳನ್ನ. ಎತ್ಕೊಳ್ಳಬೇಡ ಮತ್ತೆ, ಕೂತೇ ಇರು. ಎಡತೊಡೆ ಮೇಲೆ ಕೂರಿಸ್ಕೋ. ಬಲತೊಡೆ ಜುಲೈ ಆದ ಮೇಲೆ… ಯಾಕೆ ಕರೀತಿಲ್ಲ? ಬಾಯಿ ಕಟ್ಟಿದ್ರೆ ಕೈ ಚಾಚು. ಮಕ್ಕಳಿಗೆ ಅದು ಗೊತ್ತಾಗತ್ತೆ…

ಬಂದ್ಲಾ?… ಬರ್ತಾ ಇಲ್ವಾ? ಅವಳಿಗೆ ಅಭ್ಯಾಸ ತಪ್ಪಿಹೋಗಿದೆ, ಪಾಪ. ಫೋನಿನ ದಾರ ಉದ್ದ ಇದೆಯಾ? ಕೊಡು ಅವಳ ಕೈಗೆ, ಕೊಡು…

ಹಲೋ, ಯಾರಿದು? ವೇದಾರಾಣೀನಾ?… ಹಾಂ ಪುಟ್ಟಿ, ನಾನೇ, ಬರೋಡಾ ಫೋಯಿ… ಸ್ಕೂಲಲ್ಲಿ ಫೋಯಿ ಅನ್ನು, ನನ್ನ ಹತ್ರ ಅತ್ತೆ ಅನ್ನು ಅಂತ ಎಷ್ಟು ಸಲ ಹೇಳಿದ್ದೀನಿ… ಸರಿ ಸರಿ, ಫೋಯೀನೇ. ಕೇಳು ದೀಕ್ರಾ, ಅಪ್ಪನ ಮಡಿ ಮುಗೀತು. ಖತಮ್. ಪೂರೂ ಥಯೂಂ… ಮೈಲಿಗೆ ಆಗಲ್ಲ, ಖರೇ. ವೆಂಕಟರಮಣನೇ ಟ್ರಂಕ್ ಕಾಲ್ ಮಾಡಿ ಹೇಳಿದ. ಈಗ ಎಷ್ಟು ಕಲ್ಲು ಆಚೆ ಇದ್ದೀಯ?… ಎರಡು. ಒಂದು ದಾಟು… ದಾಟಿದ್ಯಾ? ಇನ್ನೊಂದು…

ಪುಟ್ಟೀ?… ಏನು ಸದ್ದದು?… ಮಾತಾಡು ಬಂಗಾರ, ಲೈನ್ ಹೋಗಿಬಿಡತ್ತೆ… ಏನಂದೆ? ಅಪ್ಪನ ಅಂಗಿ ಗುಂಡಿ ಕೆನ್ನೆಗೆ ಒತ್ತತ್ತಾ?

ಒತ್ತಲಿ ಬಿಡು, ಅಳ್ಳಾಡಬೇಡ. ಹಾಗೇ ಇರು ಸ್ವಲ್ಪ ಹೊತ್ತು. ಅಪ್ಪ ಯಾವ ತೊಡೆ ಮೇಲೆ ಕೂರಿಸ್ಕೊಂಡಿದ್ದಾರೆ, ಅದು ಹೇಳು ನನಗೆ, ಎಡಗಡೆ ತಾನೇ? ಹಲೋ? ಪುಟ್ಟೀ, ಎಡ—